ಪೀರಮ್ಮ ಒಲ್ಲೆನೆಂದ ಅಂಗಿ

ಸಿಂಧನೂರಿನ ಹಳೇ ಬಜಾರದ ಹಿಂದಿನ ಓಣಿಯಲ್ಲಿ ಪೀರಮ್ಮನ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ಅಲ್ಲಿ ಒಂದು ಹೊಲಿಗೆ ಮಷೀನು, ಕತ್ತರಿಸಿಟ್ಟ ಬಟ್ಟೆಯ ಗಂಟುಗಳು, ಗೋಡೆಗೆ ಒಂದು ಶಿಲುಬೆ. ಶಾಲೆ ಮಕ್ಕಳ ಯೂನಿಫಾರ್ಮು, ಹೆಂಗಸರ ಜಂಪರು, ಚರ್ಚಿನಲ್ಲಿ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ಹೆಣ್ಣುಮಕ್ಕಳ ಬಿಳಿ ಫ್ರಾಕು, ಎಲ್ಲವನ್ನೂ ಆಕೆ ಹೊಲಿಯುತ್ತಾಳೆ.

ಇನ್ನೊಂದು ಕೆಲಸವೂ ಆಕೆಯದಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ಫಾದರ್‌ಗೆ ಫೋನು ಹೋಗುತ್ತದೆ, ಆಮೇಲೆ ಪೀರಮ್ಮನಿಗೆ. ಆಗ ಮದುವೆ ಮನೆಯ ಬಟ್ಟೆಯಿದ್ದರೂ ಬದಿಗಿಟ್ಟು, ಸತ್ತವರಿಗೆ ತೊಡಿಸುವ ಬಿಳಿ ಅಂಗಿಯನ್ನು ಹೊಲಿದು ಕಳಿಸುತ್ತಾಳೆ. ಅದನ್ನು ಹೊಲಿಯುವಾಗ ಯಾರೊಡನೆಯೂ ಮಾತಾಡುವುದಿಲ್ಲ. ಓಣಿಯವರಿಗೆ ಇದು ಗೊತ್ತು. ಮಷೀನಿನ ಮೇಲೆ ಬಿಳಿ ಬಟ್ಟೆ ಕಂಡರೆ ಹಾಗೇ ಮುಂದೆ ಹೋಗುತ್ತಾರೆ.

ಈ ಕೆಲಸ ಆಕೆಗೆ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ, ಹೋದ ಅಕ್ಟೋಬರಿನಲ್ಲಿ ಒಂದು ಇಂಗ್ಲಿಷ್ ಶಾಲೆಯ ಬಟ್ಟೆಯನ್ನು ಆಕೆ ಯಾಕೆ ಒಲ್ಲೆನೆಂದಳು ಎಂಬುದು ತಿಳಿಯುವುದಿಲ್ಲ.

ಪೀರಮ್ಮ ಹುಟ್ಟಿದ್ದು ಸಾಲಗುಂದದಲ್ಲಿ. ಹುಟ್ಟಿದ ಮಕ್ಕಳು ಉಳಿಯದೆ ಹೋದಾಗ ಆಕೆಯ ತಾಯಿ ಮೊಹರಂ ದಿನ ಪೀರ ದೇವರಿಗೆ ಹರಕೆ ಹೊತ್ತಳು. ಆ ಹರಕೆಯ ಮಗಳು ಪೀರಮ್ಮ. ಮುಂದೆ ಮನೆಯವರೆಲ್ಲ ಚರ್ಚಿಗೆ ಸೇರಿದಾಗ ಫಾದರ್ ಜ್ಞಾನಸ್ನಾನ ಕೊಟ್ಟು ಮರಿಯಾ ಎಂದು ಹೆಸರಿಟ್ಟರು. ಆ ಹೆಸರು ಚರ್ಚಿನೊಳಗೇ ಉಳಿಯಿತು. ಗಂಡನದೂ ಅದೇ ಕಥೆ. ಆತ ಯೋಸೇಫ, ಆದರೆ ಊರಿಗೆಲ್ಲ ಯಮನೂರ. ಹೆಸರು ದರ್ಗಾದ ಒಬ್ಬ ಶರಣನದು, ಪ್ರಾರ್ಥನೆ ಯೇಸುವಿಗೆ ಎಂದರೆ ನಮ್ಮ ಕಡೆ ಯಾರೂ ಹುಬ್ಬೇರಿಸುವುದಿಲ್ಲ.

ಯಮನೂರ ಗೊರೇಬಾಳದವನು. ಕಾಲುವೆಯ ಗ್ಯಾಂಗ್‌ಮನ್. ತೂಬು ಎತ್ತಿ ಇಳಿಸಿ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಮೂವತ್ತು ವರ್ಷದ ಹಿಂದೆ, ಶ್ರಾವಣದಲ್ಲಿ, ಕಾಲುವೆ ತುಂಬಿ ಹರಿಯುವಾಗ ತೂಬಿನ ಬಾಯಿಗೆ ಜೊಂಡು ಬಂದು ಕಟ್ಟಿಕೊಂಡಿತು. ಕೆಳಗಿನ ಹೊಲದವರು ನೀರಿಲ್ಲವೆಂದು ಕೂಗಾಡುತ್ತಿದ್ದರು. ಜೊಂಡು ಕೀಳಲು ಇಳಿದವನು ಮೇಲೆ ಬರಲಿಲ್ಲ. ಹೆಣ ಸಿಕ್ಕಿದ್ದು ಕೆಲವು ದಿನಗಳ ಮೇಲೆ, ಬಳಗಾನೂರಿನ ಕಡೆ.

ಮನೆಗೆ ತಂದಾಗ ಅದು ಊದಿಕೊಂಡಿತ್ತು. ಅವನ ಯಾವ ಅಂಗಿಯೂ ಮೈಗೆ ಬರಲಿಲ್ಲ. ಬರೀ ಮೈಯಲ್ಲಿ ಮಗನನ್ನು ಮಣ್ಣಿಗೆ ಕೊಡುವುದಿಲ್ಲವೆಂದು ಯಮನೂರನ ತಾಯಿ ಹಠ ಹಿಡಿದು ಕೂತಳು. ಪಕ್ಕದ ಮನೆಯಲ್ಲಿ ಹಸನ್‌ಸಾಬ್ ಎಂಬ ದರ್ಜಿ ಇದ್ದ. ಅವನ ಹೆಂಡತಿ ಚಾಂದ್‌ಬೀ ಪೀರಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಸನ್‌ಸಾಬ್ ಹೊಸ ಬಿಳಿ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತ.

“ಪೀರವ್ವ, ನಮ್ಮಾಗ ಹೆಣಕ್ಕ ಸುತ್ತೋ ಕಫನಕ್ಕ ಹೊಲಿಗಿ ಹಾಕಂಗಿಲ್ಲ. ಸತ್ತೋರಿಗೆ ಹೊಲಿದು ನನಗ ರೂಢಿ ಇಲ್ಲ. ನಿಮ್ಮಾಗ ಹೆಂಗ ಬೇಕು ಹೇಳು, ಹಂಗ ಹೊಲಿತೀನಿ” ಎಂದ.

ಊರಿನಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಚರ್ಚಿನ ಉಪದೇಶಿ ಪೀರಮ್ಮನ ಬದಲು, “ಉದ್ದ ತೋಳಿಂದು ಒಂದು ಅಂಗಿ ಆದ್ರ ಸಾಕು, ಹಸನಣ್ಣ” ಎಂದ. ಹಸನ್‌ಸಾಬ್ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ಹೊಲಿದ. ಊರೆಲ್ಲ ಮೂಗು ಮುಚ್ಚಿಕೊಂಡು ದೂರ ನಿಂತಿತ್ತು. ಅಂಗಿಯನ್ನು ತೊಡಿಸಿದವನೂ ಅವನೇ.

ಅಲ್ಲಿಗೆ ಮುಗಿದಿದ್ದರೆ ಅದು ಎಲ್ಲರ ಮನೆಯ ದುಃಖದಂತೆ ಒಂದು ದುಃಖ ಆಗುತ್ತಿತ್ತು.

ಮಹಾಲಯ ಅಮಾವಾಸ್ಯೆ ಬಂತು. ಯಮನೂರನ ತಾಯಿ ಚರ್ಚಿಗೆ ಹೋಗುವವಳೇ. ಆದರೂ ಆ ದಿನ ಕಡಬು ಮಾಡಿ, ಅನ್ನ ಸಾರು ಬಡಿಸಿ, ಹಿತ್ತಲಿನಲ್ಲಿ ಮಗನಿಗೆ ಎಡೆ ಇಟ್ಟಳು. ಉಪದೇಶಿ ಬೈದ. ಮುದುಕಿ ಅತ್ತಳೇ ಹೊರತು ಎಡೆ ತೆಗೆಯಲಿಲ್ಲ. ಅದೇ ದಿನಗಳಲ್ಲಿ ಊರಲ್ಲಿ ಒಂದು ಮಾತು ಹುಟ್ಟಿತು. ಹೊತ್ತು ಮುಳುಗುವಾಗ ಹೊಲದಿಂದ ಬರುತ್ತಿದ್ದವನೊಬ್ಬ ಯಮನೂರನನ್ನು ತೂಬಿನ ಮೇಲೆ ಕಂಡನಂತೆ. ಹಸಿ ಅಂಗಿ, ಮೈಗೆಲ್ಲ ಜೊಂಡು. ದಸರೆ ಮುಗಿಯುವುದರೊಳಗೆ ಕಂಡವರ ಸಂಖ್ಯೆ ಬೆಳೆಯಿತು. ಅರೆ ಆಯುಷ್ಯದಲ್ಲಿ ನೀರಿನಲ್ಲಿ ಸತ್ತವನು ದೆವ್ವವಾಗದೆ ಇರುತ್ತಾನೆಯೇ ಎಂದರು. ದೆವ್ವ ಒಳಗೆ ಬಾರದಂತೆ ಊರವರು ಹೊಸ್ತಿಲಿಗೆ ಮೊಳೆ ಹೊಡೆಸಿಕೊಂಡರು. ಮಗಳು ಭಾರತಿ ಆಗಿನ್ನೂ ಸಣ್ಣ ಹುಡುಗಿ. ಓಣಿಯ ಮಕ್ಕಳು ಅವಳನ್ನು ದೆವ್ವದ ಮಗಳು ಎಂದು ಕರೆದರು, ಆಟಕ್ಕೆ ಸೇರಿಸಲಿಲ್ಲ.

ಪೀರಮ್ಮನಿಗೂ ಅಂಜಿಕೆ ಹೊಕ್ಕಿತು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿ ಅಗಳಿ ಇಡುತ್ತಿದ್ದಳು. ಹೊರಗೆ ಕೊಡ ಸದ್ದಾದರೂ ಭಾರತಿಯನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು. ಹತ್ತು ವರ್ಷ ಒಟ್ಟಿಗೆ ಬಾಳಿದ ಗಂಡ ಬಾಗಿಲು ಬಡಿದಾನೆಂದು ಅಂಜುವಂತಾಯಿತು. ಅತ್ತರೆ ಬರುತ್ತಾನೆಂದು ಯಾರೋ ಹೇಳಿದ್ದರಿಂದ ಅಳುವುದನ್ನೂ ಬಿಟ್ಟಳು.

ಆ ನವೆಂಬರಿನಲ್ಲಿ ಮೃತರ ದಿನ ಬಂತು. ನವೆಂಬರ್ ಒಂದು ಸಕಲ ಸಂತರ ಹಬ್ಬ, ಎರಡು ತೀರಿಕೊಂಡವರನ್ನೆಲ್ಲ ನೆನೆದು ಸಮಾಧಿಗಳ ಮೇಲೆ ಮೇಣದ ಬತ್ತಿ ಹಚ್ಚುವ ದಿನ. ಆಗಿನ ಫಾದರ್ ಮುದುಕರು. ಗೊರೇಬಾಳದ ಸಣ್ಣ ಸಮಾಧಿ ಜಾಗಕ್ಕೆ ಸೈಕಲ್ ಮೇಲೆ ಬಂದು ಒಂದೊಂದು ಮಣ್ಣಿನ ಗುಡ್ಡೆಗೂ ನೀರು ಚಿಮುಕಿಸಿ, ಒಬ್ಬೊಬ್ಬರ ಹೆಸರು ಹಿಡಿದು ಪ್ರಾರ್ಥಿಸಿದರು. ಪೀರಮ್ಮ ದೂರದಲ್ಲೇ ನಿಂತಿದ್ದಳು. ಫಾದರ್ ಬತ್ತಿಯನ್ನು ಆಕೆಯ ಕೈಗೆ ಕೊಟ್ಟು, “ಹಚ್ಚವ್ವ, ಅಂವ ನಿನ್ನ ಗಂಡ. ಅಂವ ಎಲ್ಲೂ ತಿರಗಾಕತ್ತಿಲ್ಲ. ದೇವರ ಕೈಯಾಗ ಅದಾನ” ಎಂದರು.

ಗಾಳಿಗೆ ಬತ್ತಿ ಆರುತ್ತಿತ್ತು. ಆಕೆ ಮತ್ತೆ ಮತ್ತೆ ಹಚ್ಚಿದಳು. ಕೊನೆಗೆ ಸೆರಗಿನಿಂದ ಮರೆ ಮಾಡಿ ಅಲ್ಲೇ ಕೂತಳು. ಹಾಗೆ ಕೂತಾಗ, ತಿಂಗಳುಗಟ್ಟಲೆ ತಡೆದಿಟ್ಟಿದ್ದ ಅಳು ಬಂತು. ಎಲ್ಲರೂ ಮನೆಗೆ ಹೋದರು. ಹೊತ್ತು ಮುಳುಗಿತು. ಆಕೆ ಗಂಡನ ಹತ್ತಿರ ಒಬ್ಬಳೇ ಕೂತಿದ್ದಳು, ಅಂಜಿಕೆ ಇರಲಿಲ್ಲ. ಮನೆಗೆ ಬಂದು ಆ ಸಂಜೆ ಬಾಗಿಲು ತೆರೆದೇ ಇಟ್ಟಳು.

ಹಸನ್‌ಸಾಬ್ ಆಮೇಲೆ ಆಕೆಗೆ ಮಷೀನು ಕಲಿಸಿದ. ಎರಡೂ ಮನೆಯವರು ಒಬ್ಬರ ಹಿಂದೊಬ್ಬರು ಸಿಂಧನೂರಿಗೆ ಬಂದು ಒಂದೇ ಓಣಿಯಲ್ಲಿ ನೆಲೆಯಾದರು. ಚರ್ಚಿನವರೊಬ್ಬರು ತೀರಿಕೊಂಡಾಗ ಮೊದಲ ಸಲ ಬಿಳಿ ಅಂಗಿ ಹೊಲಿದುಕೊಟ್ಟಳು. ತನ್ನ ಗಂಡನಿಗೆ ಒಬ್ಬರು ಮಾಡಿದ್ದನ್ನು ತಾನು ಬೇರೆಯವರಿಗೆ ಮಾಡಬೇಕು ಅನ್ನಿಸಿತು, ಅಷ್ಟೇ. ಭಾರತಿ ಓದಿ ನರ್ಸ್ ಆಗಿ ಲಿಂಗಸುಗೂರಿನಲ್ಲಿ ನೌಕರಿ ಹಿಡಿದಳು, ಅಲ್ಲೇ ಮದುವೆಯಾದಳು. ಅವಳು ಮಾತ್ರ ಗೊರೇಬಾಳಕ್ಕೆ ಮತ್ತೆ ಕಾಲಿಡಲಿಲ್ಲ. ಮೃತರ ದಿನ ಪೀರಮ್ಮ ಪ್ರತಿ ವರ್ಷ ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ಹಸನ್‌ಸಾಬ್ ತೀರಿಕೊಂಡು ವರ್ಷಗಳಾದವು. ಅವನ ಕಿರಿಮಗಳು ಕಹಕಶಾ ಸಿಂಧನೂರಿಗೆ ಬಂದ ಮೇಲೆ ಹುಟ್ಟಿದವಳು. ಪೀರಮ್ಮನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಆಕೆಯ ಮಷೀನಿನ ಕೆಳಗೆ ಚಿಂದಿಯಲ್ಲಿ ಆಡಿ ಬೆಳೆದವಳು. ಈಗ ಊರ ಹೊರಗಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಟೀಚರ್.

ಹೋದ ಅಕ್ಟೋಬರಿನಲ್ಲಿ, ದೀಪಾವಳಿ ಮುಗಿದ ವಾರ, ಕಹಕಶಾ ಒಂದು ದೊಡ್ಡ ಬಟ್ಟೆಯ ಗಂಟು ಹೊತ್ತುಕೊಂಡು ಬಂದಳು. ಕರಿ ಬಟ್ಟೆ, ಬಿಳಿ ಬಟ್ಟೆ. ಮಷೀನಿನ ಪಕ್ಕ ಕೂತು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದಳು.

“ಖಾಲಾ, ಇದು ನೋಡು. ಕರಿ ಡ್ರೆಸ್ ಮ್ಯಾಲ ಬಿಳಿ ಎಲುಬು ಹಚ್ಚಬೇಕು. ಇದು ಮಾಟಗಾತಿದು. ಇದು ಬರೀ ಬಿಳಿದು, ಕಣ್ಣಿಗೆ ತೂತು ಬಿಟ್ರ ಆತು.”

“ಇದೇನವ್ವ, ಯಾವ ಹಬ್ಬ?”

“ಹ್ಯಾಲೋವೀನ್ ಅಂತ. ಮೂವತ್ತೊಂದಕ್ಕ ಐತಿ. ನಿಮ್ಮ ಮಂದಿ ಹಬ್ಬ ಅಲ್ಲೇನು? ಫಾರಿನ್‌ನ್ಯಾಗ ಕ್ರಿಶ್ಚಿಯನ್‌ರು ಮಾಡತಾರಲ್ಲ.”

“ನಾ ಈ ಹೆಸರೇ ಕೇಳಿಲ್ಲ” ಎಂದು ಪೀರಮ್ಮ ನಕ್ಕಳು.

ಕಹಕಶಾ ಹುರುಪಿನಲ್ಲಿದ್ದಳು. ಶಾಲೆಯಲ್ಲಿ ಮೊದಲ ಸಲ ಒಂದು ಕಾರ್ಯಕ್ರಮದ ಜವಾಬ್ದಾರಿ ಅವಳ ಮೇಲೆ ಬಿದ್ದಿತ್ತು. “ಪ್ರಿನ್ಸಿಪಾಲ್ ಸರ್ ಅಂದ್ರು, ಬರೀ ಫಾರಿನ್ ದೆವ್ವ ಆದ್ರ ಹೆಂಗ, ನಮ್ಮ ಕಡೀದೂ ಒಂದು ಇರಲಿ ಅಂತ. ಗೊರೇಬಾಳ ತೂಬಿನ ದೆವ್ವಂದು ನಾಟಕ ಮಾಡಸಾಕತ್ತೀನಿ. ಹಸಿ ಅಂಗಿ ಹಾಕ್ಕೊಂಡು, ಮೈಗೆಲ್ಲ ಜೊಂಡು ಸುತ್ಕೊಂಡು ತೂಬಿನ ಮ್ಯಾಲ ಕುಂತಿರತದಂತ. ಹೋಗಿ ಬರೋರ್ನ ‘ನೀರು ಬೇಕೇನು’ ಅಂತ ಕೇಳತದಂತ. ಹೂಂ ಅಂದ್ರ ಒಳಗ ಎಳಕೊಂತದಂತ. ಹುಡುಗ್ರು ಭಾಳ ಚಲೋ ಮಾಡಾಕತ್ಯಾರ ಖಾಲಾ. ಅದಕ್ಕ ಒಂದು ದೊಡ್ಡ ಬಿಳಿ ಅಂಗಿ ಬೇಕು, ಹರಕಂಗಿರಬೇಕು.”

ಪೀರಮ್ಮನ ಕಾಲು ಮಷೀನಿನ ಪೆಡಲ್ ಮೇಲೆ ನಿಂತುಹೋಯಿತು. ಕಹಕಶಾಳ ಮುಖ ನೋಡಿದಳು. ಅದರಲ್ಲಿ ಕಪಟವಿರಲಿಲ್ಲ. ಊರಿಂದೂರಿಗೆ ಬರುವಷ್ಟರಲ್ಲಿ ಆ ಕಥೆಯಿಂದ ಯಮನೂರನ ಹೆಸರು ಎಲ್ಲೋ ಉದುರಿಹೋಗಿತ್ತು. ಕಹಕಶಾಳ ಮನೆಯ ಹಿರಿಯರು ಪೀರಮ್ಮನ ಮನಸ್ಸು ನೋಯಬಾರದೆಂದು ಮಕ್ಕಳಿಗೆ ಅದನ್ನು ಹೇಳಿರಲಿಲ್ಲ.

“ಬಟ್ಟಿ ಇಟ್ಟು ಹೋಗವ್ವ” ಎಂದಳು. “ನೋಡತೀನಿ.”

ಸಂಜೆ ಭಾರತಿಗೆ ಫೋನು ಮಾಡಿ ಶಾಲೆಯ ಹಬ್ಬದ ಮಾತನ್ನಷ್ಟೇ ಹೇಳಿದಳು, ನಾಟಕದ ಮಾತು ಎತ್ತಲಿಲ್ಲ. ಭಾರತಿ ಹೌಹಾರಿದಳು.

“ಯವ್ವ, ಅದು ಸೈತಾನನ ಹಬ್ಬ. ಯೂಟ್ಯೂಬಿನ್ಯಾಗ ಒಬ್ಬ ಪಾಸ್ಟರ್ ಹೇಳ್ಯಾರ. ಅವತ್ತು ದುರಾತ್ಮಗಳಿಗೆ ಬಾಗಿಲು ತಗದಂಗಂತ. ಆ ಬಟ್ಟಿ ಮನ್ಯಾಗ ಇಟ್ಕೋಬ್ಯಾಡ. ಮದ್ಲು ವಾಪಸ್ ಕೊಟ್ಟು, ಮನಿಗೆ ತೀರ್ಥ ಚಿಮುಕಿಸು.”

“ಬಟ್ಟಿಯಾಗ ಏನು ಹೊಕ್ಕೊಂತದ ಮಗಳೆ? ಅದು ಅಂಗಡ್ಯಾಗಿಂದ ಬಂದ ಬಟ್ಟಿ.”

“ನಿನಗ ತಿಳಿಯಂಗಿಲ್ಲ” ಎಂದು ಭಾರತಿ ಫೋನಿಟ್ಟಳು. ಬೇರೆ ಹೆಸರಿನಲ್ಲಿ ಅದೇ ಹಳೆಯ ಅಂಜಿಕೆ ಮಗಳ ದನಿಯಲ್ಲಿ ಇತ್ತು. ಪೀರಮ್ಮನಿಗೆ ಶಾಲೆಯ ನಾಟಕದಷ್ಟೇ ಅದೂ ನೋವು ಕೊಟ್ಟಿತು.

ಭಾನುವಾರ ಪೂಜೆ ಮುಗಿದ ಮೇಲೆ ಆಕೆ ಫಾದರ್ ಕನಕರಾಜರ ಹತ್ತಿರ ಹೋದಳು. ಅವರು ಮುದಗಲ್ ಕಡೆಯವರು, ಇನ್ನೂ ಹರೆಯದವರು, ಕೇಳಿದ್ದಕ್ಕೆ ಹಾರಿಕೆಯ ಉತ್ತರ ಕೊಡದವರು. ಚರ್ಚಿನ ಹಿಂದಿನ ಬೇವಿನ ಮರದ ಕೆಳಗೆ ಎರಡು ಕುರ್ಚಿ ಹಾಕಿಸಿದರು.

“ಈ ಹ್ಯಾಲೋವೀನ್ ಏನು ಹಬ್ಬ, ಎಲ್ಲಿಂದ ಬಂತು, ನನಗ ತಿಳಿಯಂಗ ಹೇಳ್ರಿ ಫಾದರ್” ಎಂದಳು.

“ಹೆಸರು ನಮ್ಮದು, ಪೀರಮ್ಮ. ಹ್ಯಾಲೋ ಅಂದ್ರ ಹಿಂದಿನ ಇಂಗ್ಲಿಷ್‌ನ್ಯಾಗ ಸಂತರು ಅಂತ. ಸಕಲ ಸಂತರ ಹಬ್ಬದ ಹಿಂದಿನ ಸಂಜಿ, ಅಷ್ಟ ಅದರ ಅರ್ಥ. ಆದ್ರ ಅದರೊಳಗಿನ ಆಟ ಅದಕ್ಕೂ ಹಳೇದು ಅಂತಾರ. ಐರ್ಲೆಂಡ್ ಅಂತ ಒಂದು ದೇಶ. ಯೇಸುಸ್ವಾಮಿ ಹೆಸರು ಅಲ್ಲಿಗೆ ಮುಟ್ಟೋದಕ್ಕಿಂತ ಮದ್ಲು ಕೆಲ್ಟ್ ಅನ್ನೋ ಜನ ಅಲ್ಲಿದ್ರು. ನಮ್ಮಂಗ ದನ ಕಾಯೋರು, ಬೆಳಿ ಬೆಳಿಯೋರು. ಸುಗ್ಗಿ ಮುಗಿದು ಚಳಿ ಶುರುವಾಗೋ ಹೊತ್ತಿಗೆ ಅವರದೊಂದು ಹಬ್ಬ ಇತ್ತು. ಸಾವಿನ್ ಅಂತ ಅದರ ಹೆಸರು.”

“ಸಾವಿನ ಹಬ್ಬಾನಾ?”

ಫಾದರ್ ತುಸು ನಕ್ಕರು. “ನಮ್ಮ ಸಾವಿಗೂ ಅದಕ್ಕೂ ಸಂಬಂಧ ಇಲ್ಲ. ಬ್ಯಾಸಗಿ ಮುಗೀತು ಅನ್ನೋ ಅರ್ಥ ಅಂತ ಹೇಳತಾರ. ಆದ್ರ ಅವತ್ತು ಸತ್ತೋರಿಗೂ ಬದುಕಿದ್ದೋರಿಗೂ ನಡುವಿನ ಬಾಗಿಲು ತೆರೀತದ ಅಂತ ಅವರು ನಂಬಿದ್ರು. ಗುಡ್ಡದ ಮ್ಯಾಲ ಬೆಂಕಿ ಹಾಕತಿದ್ರು. ಬಂದ ಆತ್ಮಗಳು ಗುರುತು ಹಿಡೀಬಾರದಂತ ವೇಷ ಹಾಕತಿದ್ರು, ಬಾಗಲದಾಗ ಊಟ ಇಡತಿದ್ರು ಅಂತ ಹೇಳಿಕಿ. ಖರೇ ಹೇಳಬೇಕಂದ್ರ ಅವರೇ ಬರೆದಿಟ್ಟಿದ್ದು ಏನೂ ಇಲ್ಲ. ಎಷ್ಟೋ ಶತಮಾನ ಆದಮ್ಯಾಲ ನಮ್ಮ ಸನ್ಯಾಸಿಗಳು ಬರೆದದ್ದರಾಗಿಂದ ತಿಳಿದದ್ದು. ಸಂತರ ಹಬ್ಬ ಮದ್ಲು ರೋಮಿನ್ಯಾಗ ಮೇ ತಿಂಗಳದಾಗ ಇತ್ತು, ಆಮ್ಯಾಲ ನವೆಂಬರಿಗೆ ಬಂತು. ಆ ಹಳೇ ಹಬ್ಬ ಮರೆಸಾಕ ಹಂಗ ಮಾಡಿದ್ರು ಅಂತ ಕೆಲವ್ರು, ಅಲ್ಲ ಅಂತ ಕೆಲವ್ರು. ಬರಗಾಲದಾಗ ಐರ್ಲೆಂಡಿನ ಮಂದಿ ಅಮೆರಿಕಾಕ್ಕ ಹೋದ್ರು, ಅವರ ಜೋಡಿ ಇದೂ ಹೋತು. ಅಲ್ಲಿ ವ್ಯಾಪಾರ ಆತು. ಈಗ ನಮ್ಮ ಸಿಂಧನೂರಿಗೆ ಬಂದೈತಿ.”

ಪೀರಮ್ಮ ಕುರ್ಚಿಯ ಅಂಚಿಗೆ ಸರಿದಳು. “ಹಂಗಾದ್ರ ನಮ್ಮತ್ತಿ ಅಮಾಸಿಗೆ ಎಡಿ ಇಟ್ಟಿದ್ಲಲ್ರಿ, ಅದೂ ಇದೂ ಒಂದೇ ಏನ್ರಿ?”

“ಒಂದೇ ಅನ್ನಾಕ ಬರಂಗಿಲ್ಲ. ಅಂಜಿಕಿ ಮಾತ್ರ ಒಂದೇ ಇರಬೇಕು.”

“ನಮ್ಮತ್ತಿ ಅಂಜಿ ಇಡ್ಲಿಲ್ರಿ” ಎಂದಳು ಪೀರಮ್ಮ. “ಮಗ ನೀರಾಗ ಹಸ್ದಾನ ಅಂತ ಇಟ್ಲು. ಆ ದೇಶದ ಮಂದಿಯೊಳಗೂ ಅಂಥ ತಾಯಂದಿರು ಇದ್ದಿರಬೇಕಲ್ರಿ.”

ಫಾದರ್ ತಲೆಯಾಡಿಸಿದರು. “ಇದ್ದಿರಬೇಕು. ಅವರನ್ನ ನಾ ಬೈಯಂಗಿಲ್ಲ. ಸತ್ತೋರು ಎಲ್ಲದಾರ ಅಂತ ಅವರಿಗೆ ಹೇಳೋರು ಯಾರೂ ಇರಲಿಲ್ಲ. ಕತ್ತಲದಾಗ ಬೆಂಕಿ ಹಚ್ಚಿದ್ರು. ನಮಗ ಹೇಳ್ಯಾರ. ಸ್ವಾಮಿ ಸಮಾಧಿಯಾಗಿಂದ ಎದ್ದು ಬಂದಾನ ಅಂತ ನಂಬಿದೋರು ನಾವು. ಹಂಗ ನಂಬಿದ ಮ್ಯಾಲ ಸತ್ತೋರಿಗೆ ಅಂಜಬಾರದು. ಅವರನ್ನ ಅಂಜಿಸೋ ಗೊಂಬಿ ಮಾಡಬಾರದು. ನನಗ ತಿಳಿದಿದ್ದು ಇಷ್ಟ.”

“ನನ್ನ ಮಗಳು ಸೈತಾನ ಅಂತಾಳ್ರಿ.”

“ಮಕ್ಕಳ ವೇಷದಾಗ ಸೈತಾನ ಬರತಾನ ಅಂತ ನಾ ಹೇಳಂಗಿಲ್ಲ. ಸೈತಾನನ ಹೆಸರು ಹೇಳಿ ಅಂಜಿಸೋದೂ ಅಂಜಿಸೋದೇ.”

“ವೇಷ ಹಾಕೋದು ತಪ್ಪಲ್ರಿ ಫಾದರ್. ಮೊಹರಂಗೆ ಹುಲಿ ವೇಷದ ಚಣ್ಣ ನಾನೇ ಹೊಲಿದು ಕೊಟ್ಟೀನಿ. ಇದು ಬ್ಯಾರೆ.” ಆಗ ಆಕೆ ತೂಬಿನ ದೆವ್ವದ ನಾಟಕದ ಮಾತು ಹೇಳಿದಳು. ಯಮನೂರನ ಹೆಸರನ್ನೂ ಹೇಳಿದಳು.

ಫಾದರ್ ಶಾಲೆಗೆ ತಾವೇ ಬಂದು ಮಾತಾಡಲೇ ಎಂದು ಕೇಳಿದರು. ಪೀರಮ್ಮ ಬೇಡವೆಂದಳು. “ನೀವು ಬಂದ್ರ ಅದು ಧರ್ಮದ ಮಾತು ಆಗತದ್ರಿ. ಕಹಕಶಾ ನಮ್ಮ ಹುಡುಗಿ. ಆಕಿಗೆ ನಾನೇ ಹೇಳತೀನಿ.”

ಹೇಳುವುದು ಮಾತ್ರ ಸುಲಭವಿರಲಿಲ್ಲ. ಆ ಹುಡುಗಿಯ ಅಪ್ಪನ ಕೈಯ ಅಂಗಿಯಲ್ಲೇ ಯಮನೂರ ಮಣ್ಣಿಗೆ ಹೋಗಿದ್ದ. ಅವನ ಮಗಳ ಕೆಲಸಕ್ಕೆ ಇಲ್ಲವೆನ್ನಲು ಪೀರಮ್ಮನಿಗೆ ನಾಲಿಗೆ ಏಳಲಿಲ್ಲ. ಸೋಮವಾರ ಹೋಗಲಿಲ್ಲ. ಮಂಗಳವಾರ ಸಂಜೆ ಬಟ್ಟೆಯ ಗಂಟನ್ನು ಕಂಕುಳಲ್ಲಿ ಹಿಡಿದು ಚಾಂದ್‌ಬೀಯ ಮನೆಗೆ ಹೋದಳು.

ಚಾಂದ್‌ಬೀ ಅಕ್ಕಿ ಆರಿಸುತ್ತ ಕೂತಿದ್ದಳು. ಕಹಕಶಾ ಗಂಟು ಬಿಚ್ಚಿ, ಬಟ್ಟೆಗೆ ಕತ್ತರಿಯೇ ತಾಗಿಲ್ಲವೆಂದು ಕಂಡು ಗಾಬರಿಯಾದಳು.

“ಖಾಲಾ, ಮೂರು ದಿನ ಉಳದಾವು. ಏನಾತು, ಮೈಯಾಗ ಆರಾಮಿಲ್ಲೇನು?”

“ಆರಾಮ ಅದೀನಿ. ಇದು ನನಗ ಹೊಲಿಯಾಕ ಆಗಂಗಿಲ್ಲ ಮಗಳೆ.”

“ನಿಮ್ಮ ಚರ್ಚಿನ್ಯಾಗ ಬ್ಯಾಡಂದ್ರೇನು?” ಕಹಕಶಾಳ ದನಿ ಗಡುಸಾಯಿತು. “ಬರೀ ಮಕ್ಕಳ ಆಟ ಅದು. ನೀನು ಹಂಗ ಮಾಡಿದ್ರ ಸರ್‌ಗೆ ನಾ ಏನು ಹೇಳಲಿ?”

“ಚರ್ಚು ಬ್ಯಾಡಂದಿಲ್ಲ. ನೀ ಹೇಳಿದ ಆ ತೂಬಿನ ದೆವ್ವಕ್ಕ ಒಂದು ಹೆಸರು ಐತಿ. ಯಮನೂರ ಅಂತ.”

ಚಾಂದ್‌ಬೀಯ ಕೈಯಲ್ಲಿದ್ದ ಮೊರ ಕೆಳಗಿಳಿಯಿತು. “ಏನು ಆಟ ಬೇ ಅದು?” ಎಂದು ಮಗಳನ್ನು ಕೇಳಿದಳು. ಕಹಕಶಾ ಪೀರಮ್ಮನನ್ನೇ ನೋಡುತ್ತಿದ್ದಳು.

ಪೀರಮ್ಮ ಎಲ್ಲವನ್ನೂ ಹೇಳಿದಳು. ಜೊಂಡು ಕೀಳಲು ಇಳಿದದ್ದು, ಹೆಣ ಬಂದದ್ದು, ಊರ ಮಾತು, ಓಣಿಯ ಮಕ್ಕಳು ಭಾರತಿಯ ಮೇಲೆ ಕಲ್ಲು ಒಗೆದದ್ದು. ಅಂಗಿಯ ವಿಷಯವನ್ನು ಮಾತ್ರ ಚಾಂದ್‌ಬೀ ಹೇಳಿದಳು.

“ನಿಮ್ಮಪ್ಪ ಅವತ್ತು ಮನಿಗೆ ಬಂದು ಉಣ್ಣಲಿಲ್ಲ. ಅಂಗಿ ತೊಡಿಸುವಾಗ ಅವನ ಮುಖ ನೋಡೀನಿ, ಮನಗಿದ್ದಂಗ ಇತ್ತು, ದೆವ್ವ ಆಗೋ ಮುಖ ಅಲ್ಲ ಅದು ಅಂದ್ರು. ಊರಾಗ ಯಾರರ ಆ ಮಾತು ಎತ್ತಿದ್ರ ಜಗಳಕ್ಕ ಹೋಗತಿದ್ರು.”

ಕಹಕಶಾ ಅಳಲಿಲ್ಲ. ಪೀರಮ್ಮನ ಕಾಲ ಬಳಿ ಬಂದು ಕೂತು, “ನನಗ ಯಾರೂ ಹೇಳೇ ಇಲ್ಲ ಖಾಲಾ” ಎಂದಳು.

“ಹೇಳಬೇಕಿತ್ತು. ನಾವ ಬಾಯಿ ಮುಚ್ಚಿದ್ವಿ, ಊರು ಮುಚ್ಚಲಿಲ್ಲ.”

ಮರುದಿನ ಕಹಕಶಾ ಪ್ರಿನ್ಸಿಪಾಲರ ಮುಂದೆ ನಿಂತಳು. ಅವರು ಕೆಟ್ಟವರಲ್ಲ. ಅದು ಬರೀ ಕಥೆ ಎಂದು ತಿಳಿದಿದ್ದೆವು ಎಂದರು. ಸತ್ತವನ ಹೆಂಡತಿ ಇದೇ ಊರಲ್ಲಿದ್ದಾಳೆಂದು ಕೇಳಿ ನಾಟಕ ತೆಗೆದುಬಿಡಿ ಎಂದರು. ಉಳಿದ ಕಾರ್ಯಕ್ರಮ ನಿಲ್ಲಿಸಲು ಒಪ್ಪಲಿಲ್ಲ. ಪಾಲಕರಿಗೆ ಹೇಳಿಯಾಗಿದೆ, ಪಕ್ಕದ ಶಾಲೆಯವರೂ ಮಾಡುತ್ತಿದ್ದಾರೆ ಎಂದರು. ಸಿದ್ಧ ಉಡುಪುಗಳನ್ನು ರಾಯಚೂರಿನಿಂದ ತರಿಸಿದರು. ಮೂವತ್ತೊಂದರ ಶುಕ್ರವಾರ ಸಿಂಧನೂರಿನ ಬೀದಿಯಲ್ಲಿ ಶಾಲೆಯ ಬಸ್ಸಿನ ಕಿಟಕಿಗಳಿಂದ ಎಲುಬಿನ ಗೂಡುಗಳು ಕೈಬೀಸಿಕೊಂಡು ಹೋದವು. ಪೀರಮ್ಮ ಅಂಗಡಿಯ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ನಗುತ್ತಿದ್ದ ಮಕ್ಕಳ ಮೇಲೆ ಆಕೆಗೆ ಸಿಟ್ಟು ಬರಲಿಲ್ಲ. ಕಹಕಶಾಳನ್ನು ಆ ಕಾರ್ಯಕ್ರಮದಿಂದ ಬಿಡಿಸಿ ರಾಜ್ಯೋತ್ಸವದ ನೃತ್ಯಕ್ಕೆ ಹಾಕಿದ್ದರು. ಸಹಟೀಚರ್‌ಗಳು ಒಂದೆರಡು ಚುಚ್ಚು ಮಾತು ಆಡಿದರಂತೆ. ಅವಳು ಅದನ್ನು ಮನೆಯಲ್ಲಿ ಹೇಳಲಿಲ್ಲ, ಚಾಂದ್‌ಬೀಗೆ ಬೇರೆಯವರಿಂದ ತಿಳಿಯಿತು.

ಆ ಸಂಜೆ ಪೀರಮ್ಮ ಮಗಳಿಗೆ ಮತ್ತೆ ಫೋನು ಮಾಡಿ ನಾಟಕದ ವಿಷಯವನ್ನೂ ಹೇಳಿದಳು.

“ಯವ್ವ” ಎಂದಳು ಭಾರತಿ. “ದವಾಖಾನ್ಯಾಗ ಎಷ್ಟೋ ಮಂದಿ ಸತ್ತೋರ್ನ ನೋಡೀನಿ. ಯಾರಿಗೂ ಅಂಜಿಲ್ಲ. ಅಪ್ಪ ಅಂದ್ರ ಮಾತ್ರ ಇವತ್ತಿಗೂ ಅಂಜಿಕಿ ಬರತದ. ನನಗ ಅಪ್ಪನ ಮುಖ ನೆನಪಿಲ್ಲ, ಅವರು ಹೇಳಿದ ದೆವ್ವದ ಮುಖ ನೆನಪೈತಿ.”

“ಬಾ” ಎಂದಳು ಪೀರಮ್ಮ. “ಎರಡನೇ ತಾರೀಖು ಐತವಾರ. ನನ್ನ ಜೋಡಿ ಬಾ.”

ಭಾರತಿ ಬಂದಳು. ಬೆಳಿಗ್ಗೆ ಲಿಂಗಸುಗೂರಿನ ಬಸ್ಸು ಹತ್ತಿ, ಮಸ್ಕಿ ದಾಟಿ, ಸಿಂಧನೂರಿಗೆ ಬರುವಾಗ ಪೂಜೆ ಆಗಲೇ ಮುಗಿದಿತ್ತು. ಕಹಕಶಾ ಒಂದು ಆಟೊ ಹೇಳಿಟ್ಟಿದ್ದಳು. ಅವಳೂ ಚಾಂದ್‌ಬೀಯೂ ಜೊತೆಗೆ ಹೊರಟರು. ಗೊರೇಬಾಳದ ದಾರಿಯುದ್ದಕ್ಕೂ ಭತ್ತ ಹಳದಿಗೆ ತಿರುಗಿತ್ತು. ಊರು ಹತ್ತಿರವಾದಂತೆ ಭಾರತಿ ತಾಯಿಯ ಕೈ ಹಿಡಿದುಕೊಂಡಳು, ಬಿಡಲಿಲ್ಲ.

ಸಮಾಧಿ ಜಾಗದಲ್ಲಿ ಫಾದರ್ ಕನಕರಾಜರು ನೀರು ಚಿಮುಕಿಸಿ ಹೆಸರು ಓದಿದರು. ಯೋಸೇಫ ಎಂದು ಓದಿ, ಒಂದು ಕ್ಷಣ ತಡೆದು, ಯಮನೂರ ಎಂದೂ ಸೇರಿಸಿದರು. ಭಾರತಿ ಬತ್ತಿ ಹಚ್ಚಿದಳು. ಚಾಂದ್‌ಬೀ ತಲೆಗೆ ಸೆರಗು ಎಳೆದುಕೊಂಡು ಎರಡೂ ಅಂಗೈ ತೆರೆದು ತನ್ನ ರೀತಿಯಲ್ಲಿ ಪ್ರಾರ್ಥಿಸಿದಳು.

ಹೊರಡುವಾಗ ಭಾರತಿ, “ಆ ತೂಬು ಎಲ್ಲಿ?” ಎಂದು ಕೇಳಿದಳು.

ಅದು ಅಲ್ಲಿಂದ ದೂರವಿರಲಿಲ್ಲ. ಪೀರಮ್ಮನೂ ಅಷ್ಟು ವರ್ಷ ಅಲ್ಲಿಗೆ ಹೋಗಿರಲಿಲ್ಲ. ಅಂಜಿಕೆಯಿಂದಲ್ಲ, ನೀರು ನೋಡಲಾಗದೆ. ನಾಲ್ವರೂ ಕಾಲುವೆಯ ದಂಡೆ ಹಿಡಿದು ನಡೆದರು. ಹಳೆಯ ಕಲ್ಲಿನ ಕಟ್ಟೆ, ತುಕ್ಕು ಹಿಡಿದ ಗೇಟು, ಕೆಳಗೆ ಮಣ್ಣು ಬಣ್ಣದ ನೀರು. ಅಷ್ಟೇ. ಭಾರತಿ ಕಟ್ಟೆಯ ಮೇಲೆ ಕೂತು ನೀರು ನೋಡಿದಳು.

ಹೊಲದ ಕಡೆಯಿಂದ ಒಬ್ಬ ಮುದುಕ ಬೈಕು ತಳ್ಳಿಕೊಂಡು ಬಂದ. ಹೆಂಗಸರು ತೂಬಿನ ಮೇಲೆ ಕೂತದ್ದು ಕಂಡು ನಿಂತ. “ಯಾರ ಮನಿಯೋರವ್ವ ನೀವು?”

ಪೀರಮ್ಮ ಉತ್ತರಿಸುವ ಮೊದಲು ಭಾರತಿ ಎದ್ದು, “ಯಮನೂರನ ಮಗಳ್ರಿ. ಗ್ಯಾಂಗ್‌ಮನ್ ಯಮನೂರ” ಎಂದಳು.

ಮುದುಕ ಬೈಕಿಗೆ ಸ್ಟ್ಯಾಂಡು ಹಾಕಿದ. “ನಾ ನರಸಣ್ಣ. ಕೆಳಗಿನ ಹೊಲ ನಮ್ಮದ. ನಿಮ್ಮಪ್ಪ ಇರೋತನ ನಮಗ ನೀರಿನ ತಕರಾರು ಇರಲಿಲ್ಲ ನೋಡವ್ವ. ಮ್ಯಾಲಿನೋರು ಎಷ್ಟು ಬಡಿದಾಡಿದ್ರೂ ಕೇಳತಿರಲಿಲ್ಲ. ಕಡೀ ಹೊಲಕ್ಕ ಮುಟ್ಟಿದ ಮ್ಯಾಲ ಗೇಟು ಇಳಸಾಂವ.” ಆಮೇಲೆ ನಕ್ಕ. “ನಾಯಿಗೆ ಭಾಳ ಅಂಜತಿದ್ದ. ಕೈಯಾಗ ಕೋಲು ಇಲ್ಲದ ನಮ್ಮ ಓಣಿಗೆ ಬರತಿರಲಿಲ್ಲ. ದೊಡ್ಡ ಆಳು, ಸಣ್ಣ ನಾಯಿಮರಿ ಕಂಡ್ರೂ ಮರ ಹತ್ತಾಂವ.”

ಪೀರಮ್ಮನಿಗೆ ಅದು ಮರೆತೇಹೋಗಿತ್ತು. ಆಕೆ ಸೆರಗು ಬಾಯಿಗಿಟ್ಟುಕೊಂಡಳು, ನಗುತ್ತಿದ್ದಳೋ ಅಳುತ್ತಿದ್ದಳೋ ಕಹಕಶಾಳಿಗೆ ತಿಳಿಯಲಿಲ್ಲ.

“ಕೂಡ್ರಿ ಕಾಕಾ” ಎಂದಳು ಭಾರತಿ, ಕಟ್ಟೆಯ ಮೇಲೆ ಜಾಗ ಬಿಟ್ಟು. “ಮತ್ತೇನು ಮಾಡತಿದ್ದ ನಮ್ಮಪ್ಪ, ಹೇಳ್ರಿ.”

ನರಸಣ್ಣ ಕೂತ. ದಂಡೆಯ ಆಚೆ ಆಟೊದವನು ಎರಡು ಸಲ ಹಾರ್ನ್ ಹೊಡೆದ. ಯಾರೂ ಏಳಲಿಲ್ಲ.